ಅವ್ವನ ಎಂಬತ್ತರ ಮಗಳು

ಮುನಿರ್ಕಾ
3 ನವೆಂಬರ್ 2024

ಅವ್ವ,

ಕ್ಷೇಮವಾ ಅಂತ ಕೇಳಲ್ಲ. ವಸಂತ್ ಕುಂಜ್‌ನ ಫ್ಲ್ಯಾಟಿನಲ್ಲಿ ಕ್ಷೇಮವಾಗಿಯೇ ಇರುತ್ತೀಯ.

ಫೋನ್ ಯಾಕೆ ಎತ್ತಲ್ಲ ಅಂತ ಮಹಂತೇಶಣ್ಣನ ಕೈಲಿ ಕೇಳಿಸಿದ್ದೀಯಲ್ಲ, ಉತ್ತರ ಇದು: ನಿನ್ನ ನಂಬರ್ ಬ್ಲಾಕ್ ಮಾಡಿದ್ದೇನೆ. ನಾನು ಬಾಯಿ ತೆರೆದರೆ ಸಾಕು, "ಶ್, ಮೆಲ್ಲಗೆ ಮಾತಾಡು, ಮೇಡಂ ಈಗಷ್ಟೇ ಮಲಗಿದ್ದಾರೆ" ಅನ್ನುತ್ತೀಯ. ಅಪ್ಪ ಸತ್ತು ನೀನು ಆ ಮನೆ ಸೇರಿದಾಗಿನಿಂದ ನಿನ್ನ ಡೊರೊಥಿ ಮೇಡಂ ಈಗಷ್ಟೇ ಮಲಗುತ್ತಾ ಇದ್ದಾರೆ. ಪತ್ರದಲ್ಲಾದರೆ ಎಷ್ಟು ಬೇಕಾದರೂ ಕೂಗಬಹುದು.

ಮಹಂತೇಶಣ್ಣ ನಿಮ್ಮ ಬ್ಲಾಕಿನಲ್ಲೇ ಯಾರದೋ ಮಗುವಿಗೆ ಟ್ಯೂಷನ್ ಹೇಳುತ್ತಾನೆ. ಪಿಎಚ್‌ಡಿ ಮುಗಿಸುವ ಆಸೆ ಬಿಟ್ಟು ನಾನು ಕೆಲಸ ಮಾಡುವ ಮೆಸ್ಸಿನಲ್ಲಿ ಉಣ್ಣುತ್ತಾ ಕೂತ ಮನುಷ್ಯ. "ನಾ ಏನ್ ಪೋಸ್ಟ್‌ಮನ್ ಆಗೀನೇನ್ ತಂಗಿ?" ಅಂದ. "ಚಪಾತಿ ಜಾಸ್ತಿ ಹಾಕ್ತೀನಿ" ಅಂದೆ. "ಹಂಗಾದ್ರ ಆಗೀನಿ ತಗೋ" ಅಂದ.

ವಿಷಯಕ್ಕೆ ಬರುತ್ತೇನೆ. ನಮ್ಮ ಗಲ್ಲಿಯ ತಿರುವಿನಲ್ಲಿ ಝೆರಾಕ್ಸ್ ಅಂಗಡಿ ಇತ್ತಲ್ಲ, ಅದು ಖಾಲಿ ಆಗಿದೆ. ಮಾಲೀಕ ಚೌಧರಿ. ಆ ಜಾಗದಲ್ಲಿ ನಮ್ಮದೇ ಮೆಸ್ ಹಾಕೋಣ. ಇಲ್ಲಿನ ಹುಡುಗರು ಹಂದಿ ಮಾಂಸಕ್ಕೆ ಸಾಯುತ್ತಾರೆ, ಮಣಿಪುರದವರು, ನಾಗಾಲ್ಯಾಂಡಿನವರು, ನಮ್ಮ ಕೊಡಗಿನವರು. ನಿನ್ನ ಕೈಯ ಪಂದಿಕರಿ, ಜೊತೆಗೆ ಅಕ್ಕಿ ತರಿಯ ಉಂಡೆ ಕಡುಂಬುಟ್ಟು ಹಾಕಿದರೆ ಕ್ಯೂ ನಿಲ್ಲುತ್ತದೆ. ಇನ್ನೊಬ್ಬರ ಮೆಸ್ಸಿನಲ್ಲಿ ಈರುಳ್ಳಿ ಹೆಚ್ಚಿ ನನಗೆ ಸಾಕಾಗಿದೆ.

ಆದರೆ ಚೌಧರಿ ಒಂದು ಮಾತು ಹೇಳಿದ. "ಅಕೇಲಿ ಲಡ್ಕೀ ಕೋ ನಹೀಂ ದೂಂಗಾ. ಮಮ್ಮಿ ಕೋ ಲೇಕೆ ಆ." ಒಂಟಿ ಹುಡುಗಿಗೆ ಕೊಡಲ್ಲವಂತೆ, ಅಮ್ಮನನ್ನು ಕರೆತರಬೇಕಂತೆ. ಕಾಗದಕ್ಕೆ ನನ್ನ ಆಧಾರ್ ಸಾಕಂತೆ. ಅವನಿಗೆ ಬೇಕಾಗಿರೋದು ಒಂದು ಅಮ್ಮನ ಮುಖ. ಜನವರಿಯ ಲೋಹ್ಡಿ ಹಬ್ಬದವರೆಗೆ ಕಾಯುತ್ತಾನಂತೆ.

ಆ ಮನೆ ಬಿಟ್ಟು ಬಾ ಅವ್ವ. ಬರುತ್ತೀಯೋ ಇಲ್ಲವೋ, ಅಷ್ಟು ಬರೆ. ಬೇರೆ ಏನೂ ಬರೆಯಬೇಡ.

ನಿಶಿತಾ


ವಸಂತ್ ಕುಂಜ್
12 ನವೆಂಬರ್ 2024

ನನ್ನ ಬಂಗಾರ ನಿಶಿ,

ನಿನ್ನ ಅಕ್ಷರ ನೋಡಿ ಎಷ್ಟು ಕಾಲ ಆಗಿತ್ತು. ಪೊನ್ನಂಪೇಟೆಯಲ್ಲಿ ಸ್ಲೇಟು ಹಿಡಿದು ಕೂರಿಸಿ ಕಲಿಸಿದ ಅಕ್ಷರ ಇನ್ನೂ ಹಾಗೇ ಇದೆ, ಸಾಲು ಮೇಲಕ್ಕೆ ಹೋಗುತ್ತದೆ.

ನೀನು ಹೇಳಿದ್ದನ್ನೇ ಯೋಚಿಸುತ್ತಾ ಇದ್ದೇನೆ. ಡೊರೊಥಿ ಮೇಡಂ ಮಗಳು ಶೀಲಾ ಮೇಡಂ ಸಿಂಗಾಪುರದಲ್ಲಿದ್ದಾರೆ. ಅವರ ತಾಯಿಯನ್ನು ನೋಡಿಕೊಳ್ಳಲು ಬೇರೆ ಯಾರನ್ನಾದರೂ ಹುಡುಕುವವರೆಗೆ ಹೇಗೆ ಬಿಡಲಿ? ಡೊರೊಥಿ ಮೇಡಂಗೆ ಈ ವರ್ಷ ಮರೆವು ಬಹಳ ಜಾಸ್ತಿಯಾಗಿದೆ. ಕರ್ನಲ್ ಸಾಹೇಬರನ್ನು ಮದುವೆಯಾಗಿದ್ದು, ಇಂಡಿಯಾಕ್ಕೆ ಬಂದಿದ್ದು, ವಿರಾಜಪೇಟೆಯ ಮನೆ, ಎಲ್ಲ ಅಳಿಸಿಹೋಗಿದೆ. ಉಳಿದಿರುವುದು ಇಂಗ್ಲೆಂಡಿನ ಹಳ್ಳಿ ಒಂದೇ. ಅದರ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಅವರಿಗೆ ಈಗ ಎಂಟೋ ಒಂಬತ್ತೋ ವರ್ಷ, ಮತ್ತು ನಾನು ಅವರ ಅಮ್ಮ. "ಮಮ್" ಅಂತಲೇ ಕರೆಯುತ್ತಾರೆ.

ಬೆಳಿಗ್ಗೆ ಎದ್ದ ಕೂಡಲೆ ಪಂಪು ಹೆಪ್ಪುಗಟ್ಟಿದೆಯಾ ಅಂತ ಕೇಳುತ್ತಾರೆ. ಅವರ ಬೀದಿಗೆಲ್ಲ ಒಂದೇ ಕೈಪಂಪು ಇತ್ತಂತೆ. ಚಳಿಗಾಲದಲ್ಲಿ ಅವರಪ್ಪ ಅದಕ್ಕೆ ಒಣಹುಲ್ಲು ಸುತ್ತಿ, ಮೇಲೆ ಗೋಣಿ ಕಟ್ಟಿ, ಬೆಳಿಗ್ಗೆ ಬಿಸಿನೀರು ಸುರಿದು ಬಿಡಿಸಬೇಕಿತ್ತಂತೆ. ಅಪ್ಪ ಯಾರದೋ ಜಮೀನಿನಲ್ಲಿ ದನ ನೋಡಿಕೊಳ್ಳುತ್ತಿದ್ದರು. ಕಕ್ಕಸು ತೋಟದ ಕೊನೆಯಲ್ಲಿ, ಹಲಗೆಯಲ್ಲಿ ಒಂದು ದೊಡ್ಡ ತೂತು, ಪಕ್ಕದಲ್ಲಿ ಮಕ್ಕಳಿಗೆ ಚಿಕ್ಕ ತೂತು. ಅಮ್ಮ ಮಗಳು ಲಾಟೀನು ಹಿಡಿದು ಒಟ್ಟಿಗೆ ಹೋಗಿ ಒಟ್ಟಿಗೆ ಕೂರುತ್ತಿದ್ದರಂತೆ. ಹಳೇ ಪೇಪರ್ ಕತ್ತರಿಸಿ ಮೊಳೆಗೆ ಸಿಕ್ಕಿಸುವುದು ಇವರ ಕೆಲಸ. ಅದನ್ನು ಹೇಳುವಾಗ ಎಷ್ಟು ನಗುತ್ತಾರೆ ಗೊತ್ತಾ? ನಾನೂ ನಕ್ಕೆ. ನಾವು ಬಿಳಿಯರೆಂದರೆ ಹುಟ್ಟುತ್ತಲೇ ಬಂಗಲೆ ಅಂದುಕೊಂಡಿದ್ದೆವು.

ಶುಕ್ರವಾರ ಒಲೆಯ ಮುಂದೆ ತಗಡಿನ ಟಬ್ ಇಟ್ಟು ಸ್ನಾನ. ಮೊದಲು ಅಪ್ಪ, ಆಮೇಲೆ ಅಣ್ಣ, ಅದೇ ನೀರಿನಲ್ಲಿ ಕೊನೆಗೆ ಇವರು. ಯುದ್ಧ ಮುಗಿದು ವರ್ಷಗಳಾದರೂ ಮಿಠಾಯಿಗೆ ಕೂಪನ್ ಬೇಕಿತ್ತಂತೆ. ಕೂಪನ್ ರದ್ದಾದ ದಿನ ಊರಿನ ಮಕ್ಕಳೆಲ್ಲ ಅಂಗಡಿಗೆ ನುಗ್ಗಿ, ಇವರು ಶಾಲೆ ಬಿಟ್ಟು ಓಡಿ ಬರುವಷ್ಟರಲ್ಲಿ ಎಲ್ಲ ಜಾಡಿ ಖಾಲಿ. ಒಂದು ಥರ ಕಪ್ಪು ಮಿಠಾಯಿ ಮಾತ್ರ ಉಳಿದಿತ್ತಂತೆ, ಕಹಿ. ಅದನ್ನೇ ಹಟಕ್ಕೆ ತಿಂದರಂತೆ. ಈಗ ದಿನಾ ಅದನ್ನೇ ಕೇಳುತ್ತಾರೆ. ನಾನು ಒಣದ್ರಾಕ್ಷಿ ಕೊಟ್ಟು "ಇದೇ ಅದು" ಅನ್ನುತ್ತೇನೆ. ಮುಖ ಕಿವುಚಿಕೊಂಡು ತಿನ್ನುತ್ತಾರೆ!

ನೀನು ಹೊಟ್ಟೆ ತುಂಬ ಊಟ ಮಾಡು. ಚಳಿ ಶುರುವಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೋ.

ನಿನ್ನನ್ನೇ ನೆನೆಯುವ
ಅವ್ವ


ಮುನಿರ್ಕಾ
14 ನವೆಂಬರ್ 2024

ಅವ್ವ,

ಬರುತ್ತೀಯೋ ಇಲ್ಲವೋ ಅಂತ ಕೇಳಿದೆ. ನೀನು ಇಂಗ್ಲೆಂಡಿನ ಕಕ್ಕಸಿನ ತೂತಿನ ಲೆಕ್ಕ ಕೊಟ್ಟೆ.

ಓದುತ್ತಾ ಓದುತ್ತಾ ಮೈ ಉರಿದು ಹೋಯಿತು. ಎಪ್ಪತ್ತು ವರ್ಷದ ಹಿಂದೆ ಆ ಮುದುಕಿಗೆ ಯಾವ ಮಿಠಾಯಿ ಸಿಗಲಿಲ್ಲ ಅಂತ ನಿನಗೆ ಗೊತ್ತು. ಸರಿ. ನನಗೆ ಮೊದಲ ಸಲ ಮುಟ್ಟಾದಾಗ ನಾನು ಎಲ್ಲಿದ್ದೆ ಗೊತ್ತಾ? ಲೋಧಿ ಕಾಲೋನಿಯಲ್ಲಿ, ನೀನು ನನ್ನನ್ನು ಬಿಟ್ಟುಹೋದ ಸೋಮಣ್ಣ ಮಾವನ ಬಾಲ್ಕನಿಯಲ್ಲಿ. ಅವರ ಕೂಲರ್, ಅವರ ಸೂಟ್‌ಕೇಸ್, ಅವರ ಮಗನ ಮುರಿದ ಸೈಕಲ್, ಮಧ್ಯೆ ನಾನು. ಅತ್ತೆ ಹಳೇ ಟವೆಲ್ ಹರಿದು ಎಸೆದು, "ನಿಮ್ಮ ಅವ್ವನಿಗೆ ಫೋನ್ ಮಾಡಿ ಕೇಳ್ಕೋ ಹೋಗು" ಅಂದಳು. ಮಾಡಿದೆ. ಮೇಡಂ ಈಗಷ್ಟೇ ಮಲಗಿದ್ದರು.

ಸ್ಕೂಲ್ ಯಾಕೆ ಬಿಟ್ಟೆ ಅಂತ ನೀನು ಯಾವತ್ತೂ ಕೇಳಲಿಲ್ಲ, "ಹೀಗೆ ಮಾಡಬಾರದಿತ್ತು ನಿಶಿ" ಅಂತ ಅತ್ತುಬಿಟ್ಟೆ ಅಷ್ಟೇ. ಈಗ ಕೇಳು. ಒಂಬತ್ತನೇ ಕ್ಲಾಸಿನ ಪೇರೆಂಟ್ಸ್ ಮೀಟಿಂಗ್. ಎಲ್ಲರ ಅಪ್ಪ ಅಮ್ಮ ಬಂದಿದ್ದರು. ಕ್ಲಾಸ್ ಟೀಚರ್ ಇಡೀ ಕ್ಲಾಸಿನ ಮುಂದೆ, "ತೇರೀ ಮಮ್ಮಿ ಹೈ ಭೀ ಯಾ ನಹೀಂ?" ಅಂದಳು, ನಿನಗೆ ಅಮ್ಮ ಇದ್ದಾಳಾ ಇಲ್ಲವಾ ಅಂತ. ಎಲ್ಲರೂ ನಕ್ಕರು. ನಾನು ಡೆಸ್ಕ್ ಒದ್ದೆ, ಬ್ಯಾಗು ಅಲ್ಲೇ ಬಿಟ್ಟು ಗೇಟು ದಾಟಿದೆ. ಮತ್ತೆ ಹೋಗಲಿಲ್ಲ. ಇಷ್ಟೇ. ದೊಡ್ಡ ಕಥೆ ಏನಿಲ್ಲ.

ನಮ್ಮದೂ ಹಳ್ಳಿಯೇ ಅವ್ವ. ನನಗೂ ಚಿಕ್ಕಂದು ಅಂತ ಒಂದಿತ್ತು. ಅಪ್ಪ ರಜೆಗೆ ಬಂದಾಗ ಬಂದೂಕು ಒರೆಸಲು ನನ್ನ ಕೈಲಿ ಎಣ್ಣೆಬಟ್ಟೆ ಕೊಡುತ್ತಿದ್ದದ್ದು. ಗದ್ದೆಯ ಏಡಿ ಹಿಡಿದು ನನ್ನ ಬೆರಳು ಹರಿದದ್ದು. ನೀನು ಅದನ್ನೆಲ್ಲ ಯಾರಿಗಾದರೂ ಹೇಳಿದ್ದೀಯಾ? ಆ ಮುದುಕಿಗೆ ನಿಶಿತಾ ಅಂತ ಒಬ್ಬಳು ಇದ್ದಾಳೆ ಅಂತಲಾದರೂ ಗೊತ್ತಾ?

ಚೌಧರಿ ದಿನಾ ಕೇಳುತ್ತಾನೆ, "ಮಮ್ಮಿ ಆಯೀ?" ಒಂದು ಭಾನುವಾರ ಬಂದು ಮುಖ ತೋರಿಸಿ ಹೋಗು. ಆಮೇಲೆ ಕೆಲಸ ಬಿಡುವುದು ನೋಡಿದರಾಯಿತು. ಒಂದು ಗಂಟೆ. ಆಟೋ ಹತ್ತಿದರೆ ತಲುಪುವ ದೂರ. ಸಿಂಗಾಪುರದಿಂದ ಬರಬೇಕಿಲ್ಲ ನೀನು.

ನಿಶಿತಾ


ವಸಂತ್ ಕುಂಜ್
1 ಡಿಸೆಂಬರ್ 2024

ನಿಶಿ,

ನಿನ್ನ ಪತ್ರ ಅಡುಗೆಮನೆಯಲ್ಲಿ ನಿಂತು ಓದಿದೆ. ಮತ್ತೆ ಮತ್ತೆ ಓದಿದೆ. ಟೀಚರ್ ಹಾಗೆ ಕೇಳಿದ್ದು ನನಗೆ ಗೊತ್ತಿರಲಿಲ್ಲ. ಟವೆಲಿನ ವಿಷಯವೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ, ಎಂಟನೇ ತಾರೀಖು, ಹನ್ನೊಂದಕ್ಕೆ ಬರುತ್ತೇನೆ. ಪಕ್ಕದ ಫ್ಲ್ಯಾಟಿನ ವಿಮಲಾ ಆಂಟಿ ಒಂದು ಗಂಟೆ ಕೂರಲು ಒಪ್ಪಿದ್ದಾರೆ. ಚೌಧರಿಗೆ ಹೇಳು.

ಇನ್ನೊಂದು ಬರೆಯುತ್ತೇನೆ, ಬೈಯಬೇಡ. ಮೇಡಂ ಈ ವಾರ ಹೊಸದೊಂದು ಹೇಳಿದರು. ಅವರ ಅಮ್ಮ ಆಮೇಲೆ ಊರಿನ ದೊಡ್ಡಮನೆಯಲ್ಲಿ ಕೆಲಸಕ್ಕೆ ಸೇರಿದ್ದರಂತೆ. ಆ ಮನೆಯ ಮಕ್ಕಳಿಗೆ ಸ್ನಾನ ಮಾಡಿಸುವುದು, ತಿನ್ನಿಸುವುದು, ಮಲಗಿಸುವುದು. ರಾತ್ರಿಯೂ ಅಲ್ಲೇ. ವಾರಕ್ಕೆ ಅರ್ಧ ದಿನ ರಜೆ. ಆ ದಿನ ಇವರು ರಸ್ತೆಯ ತಿರುವಿನ ಮರದ ಗೇಟಿನ ಮೇಲೆ ಹತ್ತಿ ಕೂತು ಕಾಯುತ್ತಿದ್ದರಂತೆ. ಸೈಕಲ್ಲಿನಲ್ಲಿ ಹೋಗುವ ಹೆಂಗಸರು "ಇನ್ನೂ ಬಂದಿಲ್ವಾ ನಿನ್ನಮ್ಮ?" ಅಂತ ಕೇಳಿ ಹೋಗುತ್ತಿದ್ದರಂತೆ. ಒಂದು ಸಲ ಅಮ್ಮ ಏಪ್ರನ್ನಿನ ಜೇಬಿನಲ್ಲಿ ಕೇಕಿನ ತುಂಡು ತಂದರಂತೆ, ದೊಡ್ಡಮನೆಯ ಮಗುವಿನ ಹುಟ್ಟುಹಬ್ಬದ್ದು. ಇವರು ಅದನ್ನು ಕಿತ್ತು ಚರಂಡಿಗೆ ಎಸೆದರಂತೆ. ಅಮ್ಮ ಬಗ್ಗಿ ಎತ್ತಿಕೊಂಡು, ಕೆಸರು ಒರೆಸಿ, ತಾವೇ ತಿಂದರಂತೆ.

ಅದನ್ನು ಹೇಳಿ ನನ್ನ ಕೈ ಹಿಡಿದು "ಸಾರಿ ಮಮ್, ಸಾರಿ ಮಮ್" ಅಂತ ಅಳುತ್ತಾರೆ. ನಾನು "ಪರವಾಗಿಲ್ಲ, ಕೇಕ್ ಚೆನ್ನಾಗಿತ್ತು" ಅನ್ನುತ್ತೇನೆ. ಬೇರೆ ಏನು ಹೇಳಲಿ?

ಕೇಳುವಾಗ ನನಗೂ ಏನೋ ಆಗುತ್ತದೆ. ಅದನ್ನು ಬರೆಯಲು ಬರುವುದಿಲ್ಲ.

ಭಾನುವಾರ ಸಿಗೋಣ.

ಅವ್ವ


ಮುನಿರ್ಕಾ
8 ಡಿಸೆಂಬರ್ 2024

ಅವ್ವ,

ಚೌಧರಿ ಮಧ್ಯಾಹ್ನದವರೆಗೆ ಅಂಗಡಿ ಮುಂದೆ ಕುರ್ಚಿ ಹಾಕಿ ಕೂತಿದ್ದ. ಅವನ ಹೆಂಡತಿ ನಿನಗೋಸ್ಕರ ಚಹಾ ಮಾಡಿ ತಂದಿದ್ದಳು. ಅದು ಆರಿ ಕೆನೆ ಕಟ್ಟಿತು. ಕೊನೆಗೆ ಅವನು, "ಬೇಟಾ, ಝೂಠ್ ಮತ್ ಬೋಲ್. ಮಮ್ಮಿ ಹೈ ಹೀ ನಹೀಂ ನಾ?" ಅಂದ, ಸುಳ್ಳು ಹೇಳಬೇಡ, ನಿನಗೆ ಅಮ್ಮ ಇಲ್ಲವೇ ಇಲ್ಲ ಅಲ್ಲವಾ ಅಂತ.

ಅದೇ ಪ್ರಶ್ನೆ. ಸ್ಕೂಲಿನಲ್ಲಿ ಒದೆಯಲು ಡೆಸ್ಕ್ ಇತ್ತು.

ನಿನ್ನ ಮುದುಕಿ ಗೇಟಿನ ಮೇಲೆ ಕೂತು ಕಾದಳು ಅಂತ ನಿನ್ನ ಕಣ್ಣಲ್ಲಿ ನೀರು. ಅವಳು ಕಾದದ್ದಕ್ಕೆ ಇಷ್ಟು ವರ್ಷದ ಮೇಲಾದರೂ ಒಬ್ಬಳು ಅಮ್ಮ ಸಿಕ್ಕಳು. ಯಾರ ಅಮ್ಮ ಅವಳು?

ಮಾಚಮ್ಮ ಆಂಟಿ ಹೇಳಿದರು, "ಹೋಗಿ ಕೈ ಹಿಡಿದು ಎಳ್ಕೊಂಡು ಬಾ ಹುಡುಗಿ. ಕಾಗದ ಬರೆದ್ರೆ ಯಾರು ಬರ್ತಾರೆ?" ನಮ್ಮ ಮೆಸ್ಸಿನ ಅಡುಗೆಯವರು ಇವರು, ಗೋಣಿಕೊಪ್ಪದವರು, ಗಂಡ ಆರ್ಮಿಯಲ್ಲಿದ್ದು ತೀರಿಕೊಂಡರು, ಮಕ್ಕಳಿಲ್ಲ. ನಾಲಿಗೆ ಮಾತ್ರ ನನ್ನದಕ್ಕಿಂತ ಚೂಪು.

ಬರುತ್ತೇನೆ. ಬಾಗಿಲು ತೆಗೆ.

ನಿಶಿತಾ


ಮುನಿರ್ಕಾ
22 ಡಿಸೆಂಬರ್ 2024

ಅವ್ವ,

ಇವತ್ತು ಏನಾಯಿತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆದರೂ ಬರೆಯುತ್ತೇನೆ. ನೀನು ಅದನ್ನು ನಿನಗೆ ಬೇಕಾದ ಹಾಗೆ ನೆನಪಿಟ್ಟುಕೊಳ್ಳಬಾರದು.

ಬಾಗಿಲು ತೆರೆದೇ ಇತ್ತು. ಹಾಲಿನ ಮಧ್ಯೆ ಹೀಟರ್, ಹೀಟರ್ ಮುಂದೆ ದೊಡ್ಡ ಪ್ಲಾಸ್ಟಿಕ್ ಟಬ್. ಅದರೊಳಗೆ ನಿನ್ನ ಡೊರೊಥಿ, ಮೈಗೆ ಬೆಡ್‌ಶೀಟ್ ಸುತ್ತಿಕೊಂಡು, ಮೊಣಕಾಲು ಗದ್ದಕ್ಕೆ ತಾಗಿಸಿ. ನೀನು ಕೆಳಗೆ ಕೂತು ಅವಳ ತಲೆ ತೊಳೆಯುತ್ತಿದ್ದೆ. ಸೋಪು ಕಣ್ಣಿಗೆ ಹೋಗದ ಹಾಗೆ ಹಣೆಗೆ ಅಂಗೈ ಅಡ್ಡ ಹಿಡಿದಿದ್ದೆ. ಆ ಅಂಗೈ ನನಗೆ ಗೊತ್ತು.

"ಅವ್ವ" ಅಂದೆ. ನೀನು ತಲೆ ಎತ್ತಿದೆ. ಒಂದು ಕ್ಷಣ ನಿನ್ನ ಮುಖ ಅರಳಿತು, ಅದನ್ನು ನಾನು ನೋಡಿದೆ, ಇಲ್ಲ ಅನ್ನಲ್ಲ. ಅಷ್ಟರಲ್ಲಿ ಆ ಮುದುಕಿ ನಿನ್ನ ಕೈ ಗಟ್ಟಿಯಾಗಿ ಹಿಡಿದು ಇಂಗ್ಲಿಷಿನಲ್ಲಿ ಕೇಳಿದಳು, "ಮಮ್, ಯಾರವಳು?"

ನೀನು ಯೋಚನೆಯನ್ನೂ ಮಾಡಲಿಲ್ಲ ಅವ್ವ. ಅದೇ ನನಗೆ ತಡೆಯಲು ಆಗದ್ದು. ಒಂದು ಸಲ ಉಗುಳು ನುಂಗಿದ್ದರೂ ಸಾಕಿತ್ತು. "ಪಕ್ಕದ ಮನೆ ಹುಡುಗಿ. ಹಾಲು ಕೇಳೋಕೆ ಬಂದಿದ್ದಾಳೆ" ಅಂದೆ.

"ಹಾಗಾದ್ರೆ ಕೊಟ್ಟು ಕಳಿಸು, ನೀರು ಆರುತ್ತೆ" ಅಂದಳು ಅವಳು.

ನೀನು ಎದ್ದು ಹೋಗಿ ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ ತಂದು ನಿಜವಾಗಲೂ ನನ್ನ ಕೈಗೆ ಕೊಟ್ಟೆ! ಕಣ್ಣಿನಲ್ಲಿ "ಹೋಗು, ಆಮೇಲೆ ಹೇಳ್ತೀನಿ" ಅಂದೆ. ನಾನು ಇಸ್ಕೊಂಡೆ. "ಥ್ಯಾಂಕ್ಯೂ ಆಂಟಿ" ಅಂದೆ. ಕೇಳಿಸಿತಾ? ಕೆಳಗೆ ಬಂದು ಗಾರ್ಡ್ ಭಯ್ಯಾನ ಕೈಗೆ ಆ ಪ್ಯಾಕೆಟ್ ಇಟ್ಟೆ, "ಚಾಯ್ ಬನಾ ಲೋ." ಅವನು ಖುಷಿಯಾದ. ಇವತ್ತು ಒಬ್ಬನಾದರೂ ಖುಷಿಯಾದ.

ನಿಶಿತಾ


ವಸಂತ್ ಕುಂಜ್
23 ಡಿಸೆಂಬರ್ 2024

ನಿಶಿ, ನನ್ನ ಮಗಳೇ,

ನಮಗೆ ಕಲಿಸಿರುವುದೇ ಹಾಗೆ. ಮೊದಲು ಇಲ್ಲಿಗೆ ಬರುತ್ತಿದ್ದ ನರ್ಸ್ ಹೇಳಿಕೊಟ್ಟಳು. ಅವರು ಏನು ಕಂಡರೂ ಇಲ್ಲ ಅನ್ನಬಾರದು, ಅವರ ಲೋಕದೊಳಗೇ ನಿಂತು ಉತ್ತರ ಕೊಡಬೇಕು, ಇಲ್ಲದಿದ್ದರೆ ಹೆದರುತ್ತಾರೆ. ಹೆದರಿದರೆ ಊಟ ಬಿಡುತ್ತಾರೆ, ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಾರೆ. ದಿನವಿಡೀ ಹಾಗೇ ಮಾತಾಡಿ ಮಾತಾಡಿ ಬಾಯಿಗೆ ರೂಢಿಯಾಗಿದೆ. ನಿನ್ನನ್ನು ಮಗಳು ಅಂದಿದ್ದರೆ, ಮಮ್‌ಗೆ ಇನ್ನೊಬ್ಬಳು ಮಗಳಿದ್ದಾಳೆ ಅಂತ ಅವರ ಎದೆ ಒಡೆಯುತ್ತಿತ್ತು.

ಎಂಟನೇ ತಾರೀಖೂ ಅಷ್ಟೇ. ಸೀರೆ ಉಟ್ಟು, ಚಪ್ಪಲಿ ಹಾಕಿ ಬಾಗಿಲವರೆಗೆ ಬಂದಿದ್ದೆ. "ಅರ್ಧ ದಿನ ಮುಗಿದೇ ಹೋಯ್ತಾ ಮಮ್?" ಅಂತ ಕೇಳಿದರು. ಚಪ್ಪಲಿ ಬಿಚ್ಚಿಟ್ಟೆ.

ನಿನ್ನ ಎದೆಯ ಬಗ್ಗೆ ನಾನು ಯೋಚಿಸಲಿಲ್ಲ ಅಂತ ನೀನು ಬರೆಯುತ್ತೀಯ. ನೀನು ಗಟ್ಟಿ ಅಂತ ಅಂದುಕೊಂಡಿದ್ದೆ.

ಲೋಹ್ಡಿಗೆ ಇನ್ನೂ ಸಮಯ ಇದೆಯಲ್ಲ. ಶೀಲಾ ಮೇಡಂಗೆ ಹೇಳುತ್ತೇನೆ. ಹೇಳೇ ಹೇಳುತ್ತೇನೆ.

ಅವ್ವ


ವಸಂತ್ ಕುಂಜ್
10 ಜನವರಿ 2025

ನಿಶಿ,

ನನ್ನ ಪತ್ರಕ್ಕೆ ಉತ್ತರ ಇಲ್ಲ. ಮಹಂತೇಶ್ ಬರಿಗೈಲಿ ಬಂದು, "ಆಕಿ ಏನೂ ಕೊಟ್ಟಿಲ್ರೀ ಅಕ್ಕಾರ, ನಾ ಏನ್ ಮಾಡ್ಲಿ" ಅಂದ. ಶೀಲಾ ಮೇಡಂ ಈ ತಿಂಗಳ ಕೊನೆಗೆ ಬರುತ್ತಾರಂತೆ. ಚೌಧರಿಗೆ ಇನ್ನು ಸ್ವಲ್ಪ ದಿನ ತಡೆಯಲು ಹೇಳುತ್ತೀಯಾ?

ಅವ್ವ


ವಸಂತ್ ಕುಂಜ್
4 ಫೆಬ್ರವರಿ 2025

ನಿಶಿ ಬಂಗಾರ,

ಎಲ್ಲ ಮುಗಿಯಿತು. ಶೀಲಾ ಮೇಡಂ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅವರು ನಿರ್ಧಾರ ಮಾಡಿಯಾಗಿತ್ತು. ಗುರ್‌ಗಾಂವ್‌ನಲ್ಲಿ ಇಂಥವರನ್ನು ನೋಡಿಕೊಳ್ಳುವ ಹೋಮ್ ಇದೆಯಂತೆ. ನಿನ್ನೆ ಗಾಡಿ ಬಂತು. ಫ್ಲ್ಯಾಟ್ ಮಾರುತ್ತಾರೆ. "ಯು ಹ್ಯಾವ್ ಬೀನ್ ವಂಡರ್‌ಫುಲ್" ಅಂತ ನನ್ನ ಬೆನ್ನು ತಟ್ಟಿದರು. ಭಾನುವಾರದೊಳಗೆ ನನ್ನ ರೂಮು ಖಾಲಿ ಮಾಡಬೇಕು.

ಡೊರೊಥಿ ಮೇಡಂ ಗಾಡಿ ಹತ್ತುವಾಗ ನನ್ನ ತೋಳು ಬಿಡಲಿಲ್ಲ. ಇಬ್ಬರು ಹುಡುಗರು ಬೆರಳು ಬೆರಳಾಗಿ ಬಿಡಿಸಿದರು. ಬಾಗಿಲು ಹಾಕಿದ ಮೇಲೂ "ಮಮ್, ಮಮ್" ಅಂತ ಗಾಜು ಬಡಿಯುತ್ತಿದ್ದರು. ಶೀಲಾ ಮೇಡಂ ಮುಂದಿನ ಸೀಟಿನಲ್ಲಿ ಕೂತು ಫೋನ್ ನೋಡುತ್ತಿದ್ದರು. ಅವರನ್ನು ಹೆತ್ತ ತಾಯಿ ಅದು. ತಾಯಿಗೆ ಅವರು ಯಾರೆಂದೇ ಗೊತ್ತಿಲ್ಲ. ಅವರಿಗೆ ಹೇಗಾಗುತ್ತಿತ್ತೋ ಅಂತ ಇಷ್ಟು ವರ್ಷ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಲೋಹ್ಡಿ ಕಳೆದುಹೋಯಿತು, ಗೊತ್ತು. ಚೌಧರಿಯ ಕಾಲು ಹಿಡಿದಾದರೂ ಕೇಳುತ್ತೇನೆ. ನನ್ನ ಟ್ರಂಕು ಕಟ್ಟಿಯಾಗಿದೆ. ಕಾಚಂಪುಳಿಯ ಬಾಟಲಿ ಊರಿಂದ ತರಿಸಿದ್ದೇನೆ, ಒಳ್ಳೇ ಕಪ್ಪಗಿದೆ, ಪಂದಿಕರಿಗೆ ಹುಳಿ ಸರಿಯಾಗಿ ಹಿಡಿಯುತ್ತದೆ. ಭಾನುವಾರ ಹನ್ನೊಂದಕ್ಕೆ ಬರುತ್ತೇನೆ. ಈ ಸಲ ನನ್ನನ್ನು ತಡೆಯುವವರು ಯಾರೂ ಇಲ್ಲ.

ನಿನ್ನ, ನಿನ್ನೊಬ್ಬಳದೇ
ಅವ್ವ


ಮುನಿರ್ಕಾ
7 ಫೆಬ್ರವರಿ 2025

ಅವ್ವ,

ಭಾನುವಾರ ಟ್ರಂಕು ತರಬೇಡ.

ಅಂಗಡಿ ಸಿಕ್ಕಿತು. ಲೋಹ್ಡಿಯ ದಿನ ಬೆಳಿಗ್ಗೆ ಚೌಧರಿ ಬೇರೆ ಯಾರಿಗೋ, ಮೋಮೋದವನಿಗೆ, ಕೊಡಲು ಹೊರಟಿದ್ದ. ನಾನು ಮೆಸ್ಸಿಗೆ ಓಡಿ ಮಾಚಮ್ಮ ಆಂಟಿಯ ಕೈ ಹಿಡಿದು ಎಳೆದುಕೊಂಡು ಬಂದೆ. ಹಿಟ್ಟಿನ ಕೈ ತೊಳೆಯಲೂ ಬಿಡಲಿಲ್ಲ. "ಯೇ ಮೇರೀ ಮಮ್ಮಿ ಹೈ" ಅಂದೆ. ನಿನ್ನ ಹಾಗೆ, ಯೋಚನೆ ಮಾಡದೆ.

ಆಂಟಿ ನನ್ನನ್ನು ಒಂದು ಸಲ ನೋಡಿದರು. ಅವರಿಗೆ ಅರ್ಥ ಆಯಿತು. "ಇವಳ ಬಾಯಿ ಜಾಸ್ತಿ ಭಾಯಿಸಾಬ್, ಕೆಲಸ ಚೆನ್ನಾಗಿ ಮಾಡ್ತಾಳೆ" ಅಂತ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದರು. ಚೌಧರಿಯ ಹೆಂಡತಿ ನಮ್ಮಿಬ್ಬರ ಮುಖ ನೋಡಿ, "ಶಕಲ್ ತೋ ಬಿಲ್ಕುಲ್ ಮಾ ಪೆ ಗಯೀ ಹೈ" ಅಂದಳು. ತಾಯಿಯ ಪಡಿಯಚ್ಚಂತೆ! ನನಗೆ ನಗು ಬಂತು. ಆಂಟಿಯ ಮೂಗು ನೋಡಿಲ್ಲ ನೀನು.

ಚೌಧರಿ ಚಾವಿ ಕೊಟ್ಟ. ಹೊರಗೆ ಬಂದ ಮೇಲೆ ಆಂಟಿ ಬೆನ್ನಿಗೆ ಗುದ್ದಿ, "ನಿನ್ನಂಥ ಮಗಳು ಹುಟ್ಟಿದ್ರೆ ಆಸ್ಪತ್ರೆಯಲ್ಲೇ ವಾಪಸ್ ಕೊಟ್ಟು ಬರ್ತಿದ್ದೆ" ಅಂದರು. ಆಮೇಲೆ ದಾರಿಯುದ್ದಕ್ಕೂ ಮೂಗು ಒರೆಸಿಕೊಳ್ಳುತ್ತಿದ್ದರು.

ಈಗ ಹುಡುಗರೆಲ್ಲ ಅವರನ್ನು ಮಮ್ಮಿಜಿ ಅನ್ನುತ್ತಾರೆ. ಅಂಗಡಿಯ ಹಿಂದಿನ ರೂಮಿನಲ್ಲಿ ನಾವಿಬ್ಬರೂ ಇರುತ್ತೇವೆ. ಪಂದಿಕರಿಗೆ ಅವರು ಮೆಣಸು ಜಾಸ್ತಿ ಹಾಕುತ್ತಾರೆ, ನಿನ್ನದರಷ್ಟು ರುಚಿ ಇಲ್ಲ. ಆದರೆ ದಿನಾ ಮಾಡುತ್ತಾರೆ.

ಮೇಡಂ ಗಾಜು ಬಡಿದದ್ದನ್ನು ಓದಿ ನನಗೂ ಕಷ್ಟ ಆಯಿತು. ಸುಳ್ಳು ಹೇಳಲ್ಲ. ಆದರೆ ನಿನಗೆ ಬಿಡುವಾದದ್ದು ನನಗೋಸ್ಕರ ಅಲ್ಲ ಅವ್ವ. ಅವರು ನಿನ್ನನ್ನು ಬಿಟ್ಟರು, ಅದಕ್ಕೆ ನೀನು ಬರುತ್ತಿದ್ದೀಯ. ಶೀಲಾ ಮೇಡಂ ಗಾಡಿ ತರದಿದ್ದರೆ ಈಗಲೂ ನೀನು ಅಲ್ಲೇ ಕೂತು ಅವಳ ತಲೆ ತೊಳೆಯುತ್ತಿದ್ದೆ.

ಸೋಮಣ್ಣ ಮಾವನಿಗೆ ಫೋನ್ ಮಾಡಿದ್ದೇನೆ. ಕೆಲಸ ಸಿಗುವವರೆಗೆ ಇರಲಿ ಅಂದರು. ನಾನು ಅಲ್ಲಿ ಇದ್ದೆ, ಸಾಯಲಿಲ್ಲ.

ನನ್ನನ್ನು ನೋಡಬೇಕು ಅನ್ನಿಸಿದರೆ ಎರಡು ಗಂಟೆಯ ಮೇಲೆ ಬಾ, ಕ್ಯೂ ಕರಗಿರುತ್ತದೆ. ಒಂದು ಪ್ಲೇಟ್ ತಗೊಂಡು ಬಾಗಿಲ ಪಕ್ಕದ ಟೇಬಲಿನಲ್ಲಿ ಕೂತು ಊಟ ಮಾಡು. ನಾನೇ ಬಡಿಸುತ್ತೇನೆ, ಎರಡನೇ ಸಲವೂ ಹಾಕುತ್ತೇನೆ. ಚೌಧರಿ ಅಲ್ಲೇ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಅವನ ಮುಂದೆ ಮಾತ್ರ ನನ್ನನ್ನು ಮಗಳೇ ಅನ್ನಬೇಡ. ಅಂದರೆ ಅಂಗಡಿ ಹೋಗುತ್ತದೆ.

ನಿಶಿತಾ